ಬಾರೋ ಅಂದಮೇಲೆ ಬರಬೇಕು

ಪ್ರಿಯ ಗೆಳೆಯಾ,

ನೀನು ಕೇಳಿದ್ದು ಒಂದೇ ಸಾಲು: ಇಂಗ್ಲಿಷಿನ ‘ಬಾರೋ’ (borrow), ‘ಲೆಂಡ್’ (lend) ಎರಡಕ್ಕೂ ಸಾಲ ಅಂತಲೇ ಅರ್ಥವಾದರೆ ಯಾವುದನ್ನು ಎಲ್ಲಿ ಹಾಕೋದು? ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ವಾಕ್ಯದ ಕರ್ತೃ ಯಾರೋ, ವಸ್ತು ಅವರ ಕಡೆಗೆ ಬಂದರೆ ಬಾರೋ, ಅವರ ಕೈಯಿಂದ ಆಚೆ ಹೋದರೆ ಲೆಂಡ್. ಕನ್ನಡದ ಕಿವಿಗೆ ಇದಕ್ಕೊಂದು ಗುರುತು ಪುಕ್ಕಟೆಯಾಗಿ ಸಿಕ್ಕಿದೆ. ‘ಬಾರೋ’ ಅಂದರೆ ಬರಬೇಕು. ಪೆನ್ನೋ ಕೊಡೆಯೋ ದುಡ್ಡೋ, ಬಾರೋ ಮಾಡಿದವನ ಹತ್ತಿರ ಬರುತ್ತದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಗುರುತು ಗೊತ್ತಿದ್ದವರೂ ಮಾತಿನ ಭರದಲ್ಲಿ ‘ಕ್ಯಾನ್ ಯೂ ಬಾರೋ ಮಿ ಯುವರ್ ಪೆನ್’ ಅಂದುಬಿಡುತ್ತಾರೆ. ತಪ್ಪು ಎಲ್ಲಿಂದ ಹುಟ್ಟುತ್ತದೆ ಅಂತ ತಿಳಿಯದಿದ್ದರೆ ಗುರುತು ಪರೀಕ್ಷೆಯ ಹಾಳೆಯ ಮೇಲಷ್ಟೇ ಕೆಲಸ ಮಾಡುತ್ತದೆ.

ಅದು ಹುಟ್ಟುವುದು ನಮ್ಮ ನುಡಿಯ ಕಟ್ಟಿನಲ್ಲೇ. ಕನ್ನಡದ ‘ಸಾಲ’ ಬರೀ ನಾಮಪದ, ಅದಕ್ಕೆ ದಿಕ್ಕಿಲ್ಲ. ದಿಕ್ಕು ತೋರಿಸುವುದು ಅದರ ಪಕ್ಕದ ಕ್ರಿಯಾಪದ: ಸಾಲ ಕೊಟ್ಟೆ, ಸಾಲ ತಗೊಂಡೆ, ಎರವಲು ಕೊಟ್ಟೆ, ಎರವಲು ತಂದೆ. ಎಷ್ಟರಮಟ್ಟಿಗೆ ದಿಕ್ಕಿಲ್ಲ ಅಂದರೆ, ಸಾಲ ಮಾಡಿದವನೂ ಸಾಲಗಾರ, ‘ಸಾಲಗಾರರ ಕಾಟ’ ಅನ್ನುವಾಗ ಬಾಗಿಲು ತಟ್ಟುವ, ಸಾಲ ಕೊಟ್ಟವನೂ ಸಾಲಗಾರ! ಯಾರು ಯಾರಿಗೆ ಕೊಡಬೇಕು ಅನ್ನುವುದನ್ನು ನಾವು ಸಂದರ್ಭದಿಂದ ಅರಿತುಕೊಳ್ಳುತ್ತೇವೆ, ತೊಡಕಾಗುವುದಿಲ್ಲ. ಇಂಗ್ಲಿಷ್ ಹಾಗಲ್ಲ. ಅದು ಸಾಲವನ್ನೂ ದಿಕ್ಕನ್ನೂ ಒಂದೇ ಪದದೊಳಗೆ ಕಲಸಿಟ್ಟಿದೆ. ‘ಸಾಲ ತಗೊ’ ಪೂರ್ತಿಯಾಗಿ ಬಾರೋ. ‘ಸಾಲ ಕೊಡು’ ಪೂರ್ತಿಯಾಗಿ ಲೆಂಡ್. ನಾವೋ ‘ಸಾಲ’ ಅನ್ನುವ ಜಾಗಕ್ಕೆ ನಾಲಿಗೆಗೆ ಮೊದಲು ಸಿಕ್ಕ ಪದವನ್ನು ಇಟ್ಟು, ಕೊಡೋದೋ ತಗೊಳ್ಳೋದೋ ಆಮೇಲೆ ಹೇಳಿದರಾಯಿತು ಅಂತ ಹೊರಡುತ್ತೇವೆ. ಆಮೇಲೆ ಹೇಳುವುದಕ್ಕೆ ಇಂಗ್ಲಿಷ್ ವಾಕ್ಯದಲ್ಲಿ ಜಾಗವೇ ಉಳಿದಿರುವುದಿಲ್ಲ.

ಇದು ನಮ್ಮೊಬ್ಬರ ತಾಪತ್ರಯ ಅಂತ ನಾಚಿಕೊಳ್ಳಬೇಡ. ಜರ್ಮನ್ನಿನ ‘ಲೈಹೆನ್’, ಸ್ವೀಡಿಷ್‌ನ ‘ಲೋನ’, ಫಿನ್ನಿಷ್‌ನ ‘ಲೈನಾಟ’ ಒಂದೊಂದೂ ಕೊಡುವುದಕ್ಕೂ ತಗೊಳ್ಳುವುದಕ್ಕೂ ಸಲ್ಲುತ್ತವೆ. ಆ ಭಾಷೆಗಳವರು ಇಂಗ್ಲಿಷ್ ಕಲಿಯುವಾಗ ಎಡವುವುದೂ ಇದೇ ಕಲ್ಲಿಗೆ. ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆಯ ಆಡುಮಾತಿನಲ್ಲಿ ‘ಬಾರೋ ಮಿ ಅ ಪೆನ್’ ಇವತ್ತಿಗೂ ಕೇಳಸಿಗುತ್ತದೆ. ಅಲ್ಲಿ ನೆಲೆಸಿದ ಜರ್ಮನ್ ಮತ್ತು ಸ್ಕ್ಯಾಂಡಿನೇವಿಯನ್ ಮೂಲದವರ ನುಡಿಯ ನೆರಳು ಅದು ಅನ್ನುತ್ತಾರೆ. ಆದರೂ ಬರವಣಿಗೆಯಲ್ಲಿ, ಪರೀಕ್ಷೆಯಲ್ಲಿ, ಕಚೇರಿಯಲ್ಲಿ ಅದು ತಪ್ಪೇ.

ಈಗ ಕೆಲಸಕ್ಕೆ ಬರುವ ವಿಷಯ. ಅನುಮಾನ ಬಂದಾಗ ಬಾರೋ ಇದ್ದ ಕಡೆ ‘ಟೇಕ್’, ಲೆಂಡ್ ಇದ್ದ ಕಡೆ ‘ಗಿವ್’ ಹಾಕಿ ನೋಡು. ‘ಗಿವ್ ಮಿ ಯುವರ್ ಪೆನ್’ ಸರಿ, ಹಾಗಾಗಿ ‘ಲೆಂಡ್ ಮಿ ಯುವರ್ ಪೆನ್’ ಸರಿ. ‘ಟೇಕ್ ಮಿ ಯುವರ್ ಪೆನ್’ ಅಂದರೆ ಕಿವಿಗೇ ಅಡ್ಡ ಹೊಡೆಯುತ್ತದೆ, ಹಾಗಾಗಿ ‘ಬಾರೋ ಮಿ’ ತಪ್ಪು. ‘ಕ್ಯಾನ್ ಐ ಟೇಕ್ ಯುವರ್ ಪೆನ್’ ನಿಲ್ಲುತ್ತದೆ, ಅಲ್ಲಿ ಬಾರೋ ಕೂರುತ್ತದೆ. ‘ಕ್ಯಾನ್ ಐ ಗಿವ್ ಯುವರ್ ಪೆನ್’ ಅಂದರೆ ನಿನ್ನ ಪೆನ್ನನ್ನು ನಾನು ಇನ್ಯಾರಿಗೋ ದಾನ ಮಾಡಲೇ ಅಂದಂತೆ, ಆದ್ದರಿಂದ ‘ಕ್ಯಾನ್ ಐ ಲೆಂಡ್ ಯುವರ್ ಪೆನ್’ ಅಲ್ಲಿಗೆ ಬಿತ್ತು.

ಈ ಬದಲಿ ಆಟದಿಂದ ಇನ್ನೊಂದು ಲಾಭ: ಹಿಂದೆ ಬರುವ ಚಿಕ್ಕ ಪದವೂ ತಾನಾಗಿ ಸರಿಹೋಗುತ್ತದೆ. ಟೇಕ್‌ಗೆ ‘ಫ್ರಮ್’ ಬೇಕು, ಬಾರೋಗೂ ಫ್ರಮ್. ಗಿವ್‌ಗೆ ‘ಟು’ ಬೇಕು, ಲೆಂಡ್‌ಗೂ ಟು. ವ್ಯಕ್ತಿ ಮೊದಲೇ ಬಂದರೆ ಟು ಬೇಡ: ‘ಐ ಲೆಂಟ್ ಹಿಮ್ ದ ಬುಕ್’, ‘ಐ ಲೆಂಟ್ ದ ಬುಕ್ ಟು ಹಿಮ್’, ಎರಡೂ ಸರಿ. ‘ಐ ಲೆಂಟ್ ಟು ಹಿಮ್ ದ ಬುಕ್’ ಮಾತ್ರ ನಾವು ‘ಅವನಿಗೆ ಪುಸ್ತಕ’ ಅನ್ನುವ ವರಸೆಯಲ್ಲಿ ಹೆಣೆದದ್ದು, ಬೇಡ. ಬಾರೋಗೆ ಈ ಅನುಕೂಲವಿಲ್ಲ. ವಸ್ತು ಮೊದಲು, ವ್ಯಕ್ತಿ ಫ್ರಮ್ ಹಿಡಿದುಕೊಂಡು ಆಮೇಲೆ.

ವಿಭಕ್ತಿಯಲ್ಲಿ ಹೇಳಬೇಕೆಂದರೆ ಲೆಂಡ್‌ನ ವ್ಯಕ್ತಿಗೆ ‘-ಗೆ’, ಬಾರೋ ವ್ಯಕ್ತಿಗೆ ‘-ಇಂದ’. ಆದರೆ ಬಾಯಿಮಾತಿನಲ್ಲಿ ನಾವು ‘ಅವನಿಂದ ಸಾಲ ತಗೊಂಡೆ’ ಅನ್ನುವುದಕ್ಕಿಂತ ‘ಅವನ ಹತ್ರ ಸಾಲ ತಗೊಂಡೆ’, ‘ಅವನ ಹತ್ರ ಇಸ್ಕೊಂಡೆ’ ಅನ್ನುವುದೇ ಹೆಚ್ಚು. ಈ ‘ಹತ್ರ’ವೇ ‘ಬಾರೋಡ್ ವಿತ್ ಹಿಮ್’ ಆಗಿ ಇಂಗ್ಲಿಷಿಗೆ ನುಸುಳುತ್ತದೆ. ಬಡ್ಡಿಯದ್ದೂ ಹೀಗೇ. ‘ಹತ್ತು ಪರ್ಸೆಂಟ್ ಬಡ್ಡಿಗೆ’ ಅನ್ನುವ ‘-ಗೆ’ಯನ್ನು ‘ಫಾರ್’ ಅಂತ ಸಾಗಿಸುತ್ತೇವೆ. ಇಂಗ್ಲಿಷಿನಲ್ಲಿ ಕೊಡುವವನಿಗೂ ತಗೊಳ್ಳುವವನಿಗೂ ಬಡ್ಡಿ ‘ಆ್ಯಟ್’: ‘ಆ್ಯಟ್ ಟೆನ್ ಪರ್ಸೆಂಟ್’.

ಇಸ್ಕೊಳ್ಳೋದು ಅಂದೆನಲ್ಲ, ಬಾರೋಗೆ ಕನ್ನಡದಲ್ಲಿ ಅದಕ್ಕಿಂತ ಹತ್ತಿರದ ಕ್ರಿಯಾಪದ ಇನ್ನೊಂದಿಲ್ಲ. ಇನ್ನೊಬ್ಬರ ಕೈಯಿಂದ ತನ್ನ ಕೈಗೆ, ದಿಕ್ಕು ಸಮೇತ. ಆದರೆ ಇಸ್ಕೊಂಡದ್ದನ್ನು ವಾಪಸು ಕೊಡಲೇಬೇಕು ಅಂತೇನಿಲ್ಲ, ಬಾರೋ ಮಾಡಿದ್ದನ್ನು ಕೊಡಬೇಕು. ಅಷ್ಟೇ ವ್ಯತ್ಯಾಸ.

ಕೇಳಿಕೊಳ್ಳುವಾಗ ಒಂದು ಅಡ್ಡದಾರಿ ಇದೆ, ಬಹಳ ಜನ ಕಲಿಸುತ್ತಾರೆ: ವಾಕ್ಯ ‘ಐ’ ಇಂದ ಹೊರಟರೆ ಬಾರೋ, ‘ಯೂ’ ಇಂದ ಹೊರಟರೆ ಲೆಂಡ್. ‘ಕುಡ್ ಐ ಬಾರೋ’, ‘ಕುಡ್ ಯೂ ಲೆಂಡ್ ಮಿ’. ಬೇಡುವ ಮಾತಿಗೆ ಇದು ಹೊಂದುತ್ತದೆ. ಬೇಡುವ ಮಾತು ದಾಟಿದ ತಕ್ಷಣ ಕೈಕೊಡುತ್ತದೆ. ಮಳೆಯಲ್ಲಿ ಹೊರಟವನಿಗೆ ‘ಕ್ಯಾನ್ ಐ ಲೆಂಡ್ ಯೂ ಮೈ ಅಂಬ್ರೆಲಾ’ ಅಂದರೆ ಅದು ಕೊಡುವ ಮಾತು, ಐ ಇದ್ದರೂ ಲೆಂಡ್ ಸರಿ. ‘ಡಿಡ್ ಯೂ ಬಾರೋ ಮೈ ಸ್ಕ್ರೂಡ್ರೈವರ್’ ಅನ್ನುವಾಗ ಯೂ ಇದ್ದರೂ ಬಾರೋ ಸರಿ. ಹಾಗೆಯೇ ನನ್ನ ‘ಬಾರೋ ಅಂದರೆ ಬರಬೇಕು’ ಗುರುತನ್ನೂ ‘ನನ್ನ ಹತ್ತಿರ ಬರಬೇಕು’ ಅಂತ ತಿಳಿಯಬೇಡ. ‘ಹಿ ಬಾರೋಡ್ ಮೈ ಬೈಕ್’ ಅನ್ನುವಲ್ಲಿ ಬೈಕು ಹೋದದ್ದು ನನ್ನಿಂದ, ಆದರೆ ಬಂದದ್ದು ಕರ್ತೃವಾದ ಅವನ ಹತ್ತಿರ. ಮಾತಾಡುವವನು ಎಲ್ಲಿ ನಿಂತಿದ್ದಾನೆ ಅನ್ನುವುದು ಲೆಕ್ಕಕ್ಕಿಲ್ಲ.

ರೂಪಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾರೋ ಸಾಧು ಪ್ರಾಣಿ: ಬಾರೋಡ್, ಬಾರೋಯಿಂಗ್. ಲೆಂಡ್ ಭೂತಕಾಲದಲ್ಲಿ ‘ಲೆಂಟ್’ ಆಗುತ್ತದೆ, ‘ಲೆಂಡೆಡ್’ ಅನ್ನುವುದು ಇಲ್ಲ. ಉಚ್ಚಾರಣೆಯಲ್ಲಿ ಮಾತ್ರ ಒಂದು ಎಚ್ಚರ. ಲೆಂಡ್ ಅನ್ನುವುದನ್ನು ‘ಲ್ಯಾಂಡ್’ ಅಂದರೆ ಕೇಳುವವರು ಕೊಡೆಯ ಬದಲು ಸೈಟಿನ ಮಾತು ಅಂದುಕೊಳ್ಳಬಹುದು.

ಕಾಲಾವಧಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ, ವ್ಯಾಕರಣ ಚೆನ್ನಾಗಿ ಬಲ್ಲವರೂ ಇಲ್ಲಿ ಜಾರುತ್ತಾರೆ. ಬಾರೋ ಅನ್ನುವುದು ಕೈಗೆ ಬರುವ ಆ ಕ್ಷಣದ ಕೆಲಸ, ಇಟ್ಟುಕೊಂಡಿರುವ ಸ್ಥಿತಿಯಲ್ಲ. ‘ಐ ಬಾರೋಡ್ ಇಟ್ ಫಾರ್ ಟೂ ವೀಕ್ಸ್’ ಅಂದರೆ ಎರಡು ವಾರದ ಮಟ್ಟಿಗೆ ಅಂತ ತಂದೆ, ಸರಿ. ತಂದು ಎರಡು ವಾರವಾಯಿತು ಅನ್ನುವುದಕ್ಕೆ ‘ಐ ಹ್ಯಾವ್ ಬಾರೋಡ್ ಇಟ್ ಸಿನ್ಸ್ ಟೂ ವೀಕ್ಸ್’ ಅನ್ನಬಾರದು, ‘ಐ ಹ್ಯಾವ್ ಹ್ಯಾಡ್ ಇಟ್ ಫಾರ್ ಟೂ ವೀಕ್ಸ್’ ಅನ್ನಬೇಕು. ತಂದದ್ದು ಒಂದು ಗಳಿಗೆ, ಇರುವುದು ಎರಡು ವಾರ.

‘ಲೋನ್’ ಇಲ್ಲಿ ಎಲ್ಲಿ ಬರುತ್ತದೆ ಅಂತ ಕೇಳುತ್ತೀಯ. ಅದು ನಮ್ಮ ‘ಸಾಲ’ದ ಹಾಗೆ ದಿಕ್ಕಿಲ್ಲದ ನಾಮಪದ. ಕೊಟ್ಟವನಿಗೂ ಲೋನ್, ತಗೊಂಡವನಿಗೂ ಲೋನ್. ಅದಕ್ಕೇ ನಮಗೆ ಅದು ಅಷ್ಟು ಸಲೀಸಾಗಿ ಒಗ್ಗಿಹೋಗಿದೆ, ‘ಲೋನ್ ಕೊಟ್ರು’, ‘ಲೋನ್ ತಗೊಂಡೆ’. ಎಡವಟ್ಟಾಗುವುದು ಎರಡನ್ನೂ ಸೇರಿಸಿ ‘ಐ ಬಾರೋಡ್ ಅ ಲೋನ್’ ಅಂದಾಗ. ಬಾರೋ ಮಾಡುವುದು ದುಡ್ಡನ್ನು. ಲೋನ್ ಅನ್ನು ‘ಟೇಕ್ ಔಟ್’ ಅಥವಾ ‘ಗೆಟ್’ ಮಾಡುತ್ತಾರೆ. ಲೋನ್ ಕ್ರಿಯಾಪದವಾಗಿ, ಲೆಂಡ್ ಅನ್ನುವ ಅರ್ಥದಲ್ಲಿ, ಅಮೆರಿಕನ್ ಇಂಗ್ಲಿಷಿನಲ್ಲಿ ಮಾಮೂಲು. ಬ್ರಿಟಿಷರು ಅದನ್ನು ಬಹುಮಟ್ಟಿಗೆ ವಸ್ತುಸಂಗ್ರಹಾಲಯ ಚಿತ್ರವನ್ನು ಕಳಿಸಿಕೊಡುವುದು, ಫುಟ್‌ಬಾಲ್ ತಂಡ ಆಟಗಾರನನ್ನು ಇನ್ನೊಂದು ತಂಡಕ್ಕೆ ಬಿಟ್ಟುಕೊಡುವುದು, ಇಂಥ ವಿಧಿವತ್ತಾದ ಸಂದರ್ಭಗಳಿಗೆ ಇಟ್ಟುಕೊಂಡಿದ್ದಾರೆ. ಸಂದೇಹವಿದ್ದರೆ ಲೆಂಡ್ ಹಾಕು, ಎಲ್ಲೂ ತಪ್ಪಾಗುವುದಿಲ್ಲ.

ಲೆಂಡ್, ಲೋನ್ ದಾಯಾದಿಗಳು. ಲೆಂಡ್‌ನ ಕೊನೆಯ ‘ಡ್’ ಮೂಲದಲ್ಲಿ ಇರಲಿಲ್ಲ, ಹಳೆಯ ಭೂತಕಾಲದ ರೂಪದಿಂದ ಬಂದು ಅಂಟಿಕೊಂಡದ್ದು. ಅದನ್ನು ಕಿತ್ತು ನೋಡಿದರೆ ನೆಂಟಸ್ತಿಕೆ ಕಾಣುತ್ತದೆ. ಬಾರೋ ಬೇರೆ ಮನೆಯದು. ಒತ್ತೆ, ಜಾಮೀನು ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದ ‘ಬೋರ್ಗ್’ ಅದರ ಬೇರು.

ನನಗೆ ನಿಜಕ್ಕೂ ಸ್ವಾರಸ್ಯ ಕಾಣುವುದು ಇದರ ಮುಂದಿನ ಭಾಗದಲ್ಲಿ. ದಿಕ್ಕಿನ ವಿಷಯದಲ್ಲಿ ಇಂಗ್ಲಿಷ್ ಕಟ್ಟುನಿಟ್ಟು, ನಾವು ಸಡಿಲ. ಏನನ್ನು ವಾಪಸು ಕೊಡಬೇಕು ಅನ್ನುವ ವಿಷಯದಲ್ಲಿ ನಾವು ಕಟ್ಟುನಿಟ್ಟು, ಇಂಗ್ಲಿಷ್ ಸಡಿಲ. ಒಡವೆ, ಪುಸ್ತಕ, ಏಣಿ ಇವನ್ನು ಎರವಲು ತರುತ್ತೇವೆ. ಅಂದರೆ ತಂದ ಅದೇ ವಸ್ತು ವಾಪಸು ಹೋಗಬೇಕು, ಬೇರೆ ಏಣಿ ಒಯ್ದು ಒರಗಿಸಿದರೆ ನಡೆಯದು. ದುಡ್ಡನ್ನು ಸಾಲ ಅಥವಾ ಕಡ ತರುತ್ತೇವೆ, ತಂದ ನೋಟೇ ಬೇಕಾಗಿಲ್ಲ, ಅಷ್ಟೇ ಮೊತ್ತ ಸಾಕು. ಒಂದು ಲೋಟ ಸಕ್ಕರೆಯೂ ಕಡವೇ, ಕರಗಿಹೋದ ಸಕ್ಕರೆಯನ್ನು ಯಾರೂ ವಾಪಸು ಕೇಳುವುದಿಲ್ಲ, ಇನ್ನೊಂದು ಲೋಟ ಕೊಟ್ಟರಾಯಿತು. ನಾಲ್ಕು ದಿನದ ಮಟ್ಟಿಗೆ, ಪತ್ರವಿಲ್ಲದೆ, ಬಡ್ಡಿಯಿಲ್ಲದೆ ಅಂದರೆ ಕೈಗಡ. ರೋಮನ್ ಕಾನೂನು ಕೂಡ ಇದನ್ನೇ ಎರಡು ಒಪ್ಪಂದಗಳಾಗಿ ಒಡೆದಿತ್ತು: ಅದೇ ವಸ್ತುವನ್ನು ಮರಳಿಸಬೇಕಾದದ್ದು ‘ಕೊಮೊಡಾಟುಮ್’, ಅದೇ ಬಗೆಯದನ್ನು ಅಷ್ಟೇ ಪ್ರಮಾಣದಲ್ಲಿ ಮರಳಿಸಬೇಕಾದದ್ದು ‘ಮೂಟುವುಮ್’. ಇಂಗ್ಲಿಷಿನ ಬಾರೋಗೆ ಈ ಗೊಡವೆ ಇಲ್ಲ. ಏಣಿಯೂ ಬಾರೋ, ದುಡ್ಡೂ ಬಾರೋ, ಸಕ್ಕರೆಯೂ ಬಾರೋ.

ಹಾಗಾಗಿ ಕನ್ನಡಕ್ಕೆ ಅನುವಾದಿಸುವಾಗ ಎಲ್ಲ ಬಾರೋಗೂ ‘ಸಾಲ’ ಬಳಿದುಬಿಡಬೇಡ. ‘ಗ್ರಂಥಾಲಯದಿಂದ ಪುಸ್ತಕ ಸಾಲ ಪಡೆದರು’ ಅಂತ ಓದಿದಾಗ ಪುಸ್ತಕಕ್ಕೆ ಬಡ್ಡಿ ಎಷ್ಟೋ ಅನ್ನಿಸುತ್ತದೆ. ಅಲ್ಲಿ ಎರವಲು ಬೇಕು.

ಬಾರೋ ಎಲ್ಲಿ ಸಲ್ಲದು ಅನ್ನುವುದಕ್ಕೂ ಗೆರೆ ಇದೆ. ಕೈಯಿಂದ ಕೈಗೆ ದಾಟದ ವಸ್ತುವಿಗೆ ‘ಯೂಸ್’. ‘ಕ್ಯಾನ್ ಐ ಬಾರೋ ಯುವರ್ ಬಾತ್‌ರೂಮ್’ ಅಂದರೆ ಬಚ್ಚಲನ್ನು ಕಿತ್ತುಕೊಂಡು ಹೋಗಿ ನಾಳೆ ತಂದಿಡುತ್ತೇನೆ ಅಂದ ಹಾಗೆ. ಗೋಡೆಗೆ ತಂತಿ ಬಿಗಿದ ಫೋನು ಯೂಸ್. ಜೇಬಿನ ಮೊಬೈಲನ್ನು ಒಂದು ನಿಮಿಷ ಇಸ್ಕೊಂಡರೆ ಬಾರೋ ಅನ್ನಬಹುದು, ಯೂಸ್ ಕೂಡ ಸರಿ. ಬಾಡಿಗೆ ಕೊಟ್ಟು ತಂದರೆ ಅದು ‘ರೆಂಟ್’ ಅಥವಾ ‘ಹೈರ್’, ಬಾರೋ ಅಲ್ಲ. ದುಡ್ಡೊಂದು ಇದಕ್ಕೆ ಹೊರತು, ಬಡ್ಡಿ ಕಟ್ಟಿದರೂ ಅದು ಬಾರೋವೇ. ಇನ್ನು ಮೂಗು ಒರೆಸಿ ಎಸೆಯುವ ಟಿಶ್ಯೂ ಬೇಕಾದಾಗ ‘ಕ್ಯಾನ್ ಐ ಹ್ಯಾವ್’ ಅನ್ನು. ಬಾರೋ ಅಂದರೆ ‘ವಾಪಸು ಬೇಡ ಮಾರಾಯ’ ಅಂತ ನಗುತ್ತಾರೆ.

ವಾಪಸು ಕೊಡುವ ಮಾತಿಲ್ಲದ ಬಾರೋಗಳೂ ಇವೆ, ನೋಡು. ರಸ್ತೆಯ ಏರಿ ಕಟ್ಟಲು ಪಕ್ಕದ ನೆಲದಿಂದ ಮಣ್ಣು ತೆಗೆದ ಹಳ್ಳಕ್ಕೆ ಎಂಜಿನಿಯರುಗಳು ‘ಬಾರೋ ಪಿಟ್’ ಅನ್ನುತ್ತಾರೆ. ಮಣ್ಣೇನೂ ತಿರುಗಿ ಹೋಗುವುದಿಲ್ಲ. ಲೆಕ್ಕದಲ್ಲಿ 52ರಿಂದ 17 ಕಳೆಯುವಾಗ 2ರಲ್ಲಿ 7 ಹೋಗದೆಂದು ಪಕ್ಕದ 5ರಿಂದ ಒಂದು ಹತ್ತನ್ನು ಬಾರೋ ಮಾಡಿ 12 ಮಾಡಿಕೊಳ್ಳುತ್ತೇವೆ, ಅಲ್ಲಿ 4 ಉಳಿದು ಉತ್ತರ 35 ಬರುತ್ತದೆ, ಹತ್ತು ಮಾತ್ರ ಹೋದದ್ದೇ. ವಾಪಸು ಕೊಡದ್ದಕ್ಕೆ ಈ ಹೆಸರು ಸರಿಯಲ್ಲ ಅಂತಲೋ ಏನೋ, ಅಮೆರಿಕದ ಶಾಲೆಗಳಲ್ಲಿ ಈಗ ಇದಕ್ಕೆ ‘ರೀಗ್ರೂಪ್’ ಅನ್ನುವುದು ಹೆಚ್ಚು. ಒಂದು ಭಾಷೆ ಇನ್ನೊಂದರಿಂದ ಪದ ತರುವುದೂ ಬಾರೋ. ಎರವಲು ಪದ ಅಂತ ನಾವೂ ಅನ್ನುತ್ತೇವೆ, ಆದರೆ ಬಸ್ಸನ್ನೂ ಪೆನ್ನನ್ನೂ ಮರಳಿಸುವ ಇರಾದೆ ನಮಗೇನಿಲ್ಲ. ಇದಕ್ಕೆಲ್ಲ ತದ್ವಿರುದ್ಧ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಅಲ್ಲಿ ಒಂದು ಮೌಲ್ಯವನ್ನು ಬಾರೋ ಮಾಡಿದ ಕೋಡ್, ಅದರ ಒಡೆಯ ಅಳಿದ ಮೇಲೂ ಅದನ್ನು ಹಿಡಿದುಕೊಂಡಿರಲು ಹೊರಟರೆ, ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಒಪ್ಪುವುದೇ ಇಲ್ಲ.

ಲೆಂಡ್ ಕೂಡ ನುಡಿಗಟ್ಟುಗಳಲ್ಲಿ ವಾಪಸಾತಿಯನ್ನು ಮರೆತುಬಿಡುತ್ತದೆ. ‘ಲೆಂಡ್ ಅ ಹ್ಯಾಂಡ್’ ಅಂದರೆ ಕೈಜೋಡಿಸು, ‘ಲೆಂಡ್ ಆನ್ ಇಯರ್’ ಅಂದರೆ ಕಿವಿಗೊಡು. ನಮ್ಮಲ್ಲೂ ಕಿವಿಯನ್ನು ‘ಕೊಡು’ವುದೇ ಇದೆ, ಹಾಗಾಗಿ ಇವು ಸಲೀಸು. ‘ಲೆಂಡ್ ವೆಯ್ಟ್ ಟು’ ಅಂದರೆ ಒಂದು ವಾದಕ್ಕೆ ತೂಕ ತರುವುದು. ತೊಡಕಿನದು ‘ಲೆಂಡ್ಸ್ ಇಟ್‌ಸೆಲ್ಫ್ ಟು’. ‘ದಿಸ್ ಸ್ಟೋರಿ ಲೆಂಡ್ಸ್ ಇಟ್‌ಸೆಲ್ಫ್ ಟು ದ ಸ್ಟೇಜ್’ ಅಂದರೆ ಕತೆ ತನ್ನನ್ನು ಸಾಲ ಕೊಟ್ಟುಕೊಳ್ಳುವುದಿಲ್ಲ, ರಂಗಕ್ಕೆ ಚೆನ್ನಾಗಿ ಒಗ್ಗುತ್ತದೆ ಅಂತ. ಇವಾವುದರಲ್ಲೂ ಲೆಂಡ್ ತೆಗೆದು ಲೋನ್ ಇಡಬೇಡ. ಬಾರೋ ಕಡೆ ಇಂಥವು ಕಡಿಮೆ. ‘ಆನ್ ಬಾರೋಡ್ ಟೈಮ್’ ಅಂದರೆ ಮುಗಿಯಬೇಕಾದದ್ದು ಹೇಗೋ ಇನ್ನೂ ನಡೆದಿದೆ ಅಂತ. ‘ಬಾರೋ ಟ್ರಬಲ್’ ಅಂದರೆ ಬಾರದ ಕಷ್ಟಕ್ಕೆ ಈಗಲೇ ಕೊರಗುವುದು.

ಸಾಲದ ಕಾಗದಪತ್ರ ಓದುವಾಗ ಮಾತ್ರ ಈ ಜೋಡಿ ತಮಾಷೆಯಲ್ಲ. ‘ಲೆಂಡರ್’ ಅಂದರೆ ಕೊಟ್ಟವರು, ‘ಬಾರೋವರ್’ ಅಂದರೆ ತಗೊಂಡು ತೀರಿಸಬೇಕಾದವರು. ‘ಕೋ-ಬಾರೋವರ್’ ಅಂತ ಸಹಿ ಹಾಕಿದರೆ ಜೊತೆಗೆ ಸಾಲ ಮಾಡಿದಂತೆ, ತೀರಿಸುವ ಹೊಣೆ ಮೊದಲ ದಿನದಿಂದಲೇ ಹೆಗಲ ಮೇಲೆ. ಅದು ಬರೀ ಸಾಕ್ಷಿಯ ಸಹಿ ಅಲ್ಲ. ‘ಲೆಂಡಿಂಗ್ ರೇಟ್’ ಬ್ಯಾಂಕು ಕೊಡುವ ಸಾಲದ ಬಡ್ಡಿದರ. ‘ಬಾರೋಯಿಂಗ್ಸ್’ ಅಂತ ಬಹುವಚನದಲ್ಲಿ ಕಂಡರೆ ಆ ಸಂಸ್ಥೆ ತಾನು ಹೊರಗಿನಿಂದ ತಂದ ಸಾಲಗಳ ಮೊತ್ತ. ಮತ್ತೆ, ಸಾಲ ತೀರಿಸುವಾಗ ‘ರಿಟರ್ನ್’ ಸಾಕು, ‘ರಿಟರ್ನ್ ಬ್ಯಾಕ್’ ಬೇಡ. ‘ಗಿವ್ ಬ್ಯಾಕ್’ ವಸ್ತುವಿಗೆ, ‘ಪೇ ಬ್ಯಾಕ್’ ದುಡ್ಡಿಗೆ.

ನೀನು ಬರೆದು ಕಳಿಸಿದ್ದ ನಾಲ್ಕು ವಾಕ್ಯ ತಿದ್ದಿದ್ದೇನೆ. ಮೊದಲನೆಯದು ‘ಹಿ ಬಾರೋಡ್ ಮಿ ಸಮ್ ಮನಿ’. ಅವನು ಕೊಟ್ಟದ್ದಾದರೆ ‘ಹಿ ಲೆಂಟ್ ಮಿ ಸಮ್ ಮನಿ’, ತಗೊಂಡದ್ದಾದರೆ ‘ಹಿ ಬಾರೋಡ್ ಸಮ್ ಮನಿ ಫ್ರಮ್ ಮಿ’. ಯಾವುದು ಅಂತ ನೀನೇ ಹೇಳಬೇಕು, ವಾಕ್ಯದಿಂದ ತಿಳಿಯುವಂತಿಲ್ಲ. ಎರಡನೆಯದು ‘ಐ ಲೆಂಟ್ ದಿಸ್ ಬುಕ್ ಫ್ರಮ್ ದ ಲೈಬ್ರರಿ’. ಫ್ರಮ್ ಕಂಡಾಗಲೇ ಎಚ್ಚರಾಗಬೇಕಿತ್ತು, ‘ಬಾರೋಡ್’ ಮಾಡು. ಮೂರನೆಯದರಲ್ಲಿ ‘ಲೆಂಡೆಡ್’ ಹೊಡೆದು ಲೆಂಟ್ ಹಾಕಿದ್ದೇನೆ. ನಾಲ್ಕನೆಯದು, ‘ಐ ವಾಸ್ ಲೆಂಟ್ ಅ ಲ್ಯಾಪ್‌ಟಾಪ್’, ತಪ್ಪಿರಬೇಕು ಅಂತ ನೀನು ಅಡಿಗೆರೆ ಎಳೆದಿದ್ದೆಯಲ್ಲ, ಅದು ಸರಿಯಾಗಿದೆ. ಇದು ಕರ್ಮಣಿ ವಾಕ್ಯ, ಕೊಟ್ಟವನು ಮರೆಯಲ್ಲಿದ್ದಾನೆ, ಹಾಗಾಗಿ ವಸ್ತು ‘ಐ’ ಕಡೆಗೆ ಬಂದರೂ ಲೆಂಟ್. ‘ಐ ವಾಸ್ ಗಿವನ್’ ಹಾಕಿ ನೋಡು, ನಿಲ್ಲುತ್ತದೆ. ಅಡಿಗೆರೆ ಅಳಿಸು.

ಇಂತಿ ನಿನ್ನ ಗೆಳೆಯ